‘ಇರಬಹುದು’ ಎಂಬ ಮಾತಿನ ಬೆಲೆ

ಅಂಧರ ಮೊಬೈಲಿನಲ್ಲಿ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ ಚಿತ್ರದ ಬಳಿ ಬಂದಾಗ ‘ಫೋಟೊ’ ಎಂದಷ್ಟೇ ಹೇಳಿ ಮುಂದೆ ಸಾಗುತ್ತಿತ್ತು. 2016ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಈ ಮೌನ ಮುರಿಯಿತು. ಚಿತ್ರದಲ್ಲಿ ಮರ, ಆಕಾಶ, ನಗುತ್ತಿರುವ ಮೂವರು ಇರಬಹುದು ಎಂದು ಯಂತ್ರವೇ ಊಹಿಸಿ ಹೇಳತೊಡಗಿತು. ಆಗ ಅದು ಗುರುತಿಸುತ್ತಿದ್ದುದು ಸುಮಾರು ನೂರು ಸಂಗತಿಗಳನ್ನು. 2021ರಲ್ಲಿ 1200ಕ್ಕೂ ಹೆಚ್ಚು. ಮೈಕ್ರೊಸಾಫ್ಟ್‌ನ ‘ಸೀಯಿಂಗ್ ಎಐ’ 2017ರಲ್ಲಿ ಬಂತು. ಅದರ ಹಿಂದಿರುವ ಸಾಕಿಬ್ ಶೇಖ್ ಸ್ವತಃ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಎಂಜಿನಿಯರ್. ಸ್ವಯಂಸೇವಕರು ವೀಡಿಯೊ ಕರೆಯ ಮೂಲಕ ಅಂಧರಿಗೆ ಕಣ್ಣಾಗುತ್ತಿದ್ದ ‘ಬಿ ಮೈ ಐಸ್’ 2023ರಲ್ಲಿ ಆ ಕೆಲಸವನ್ನು ಯಂತ್ರಕ್ಕೂ ಹಂಚಿತು.

ಇದನ್ನು ಹಗುರವಾಗಿ ಕಾಣುವಂತಿಲ್ಲ. ಔಷಧಿ ಬಾಟಲಿಯ ಮೇಲಿನ ಹೆಸರನ್ನು, ಮಗಳು ಕಳಿಸಿದ ಫೋಟೊವನ್ನು ಇನ್ನೊಬ್ಬರ ಬಿಡುವಿಗಾಗಿ ಕಾಯದೆ ತಿಳಿಯುವುದು ಆತ್ಮಗೌರವದ ಪ್ರಶ್ನೆ. ನನ್ನ ತಕರಾರು ಬೇರೆ. ಮೊದಲಿನ ಯಂತ್ರ ತೊದಲುತ್ತಿತ್ತು, ಆದರೆ ‘ಇರಬಹುದು’ ಎನ್ನುವ ಪ್ರಾಮಾಣಿಕತೆ ಅದಕ್ಕಿತ್ತು. ಇಂದಿನ ಯಂತ್ರ ನಿರರ್ಗಳವಾಗಿ ಮಾತಾಡುತ್ತದೆ. ತಪ್ಪನ್ನೂ ಅಷ್ಟೇ ನಿರರ್ಗಳವಾಗಿ ಹೇಳಬಲ್ಲದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಂದರ್ಭಕ್ಕೆ ಹೊಂದದ ವಿವರಣೆಯನ್ನೂ ಅಂಧ ಬಳಕೆದಾರರು ನಂಬಿದ್ದರು. ಹೊಂದದ ಕಡೆ ತಾವೇ ಏನನ್ನೋ ಕಲ್ಪಿಸಿ ಸೇರಿಸಿಕೊಂಡಿದ್ದರು. ಇದು ಅವರ ದಡ್ಡತನವಲ್ಲ. ನೋಡಿ ಪರೀಕ್ಷಿಸುವ ದಾರಿ ಇಲ್ಲದವರು ಕೇಳಿದ್ದನ್ನು ನಂಬದೆ ಏನು ಮಾಡಬೇಕು? ಸಂದೇಹವಿದ್ದಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಹೊಣೆ ಯಂತ್ರ ಕಟ್ಟಿದವರದು.

ಯಂತ್ರದ ಕಣ್ಣು ನಿಷ್ಪಕ್ಷಪಾತಿಯೂ ಅಲ್ಲ. 2015ರಲ್ಲಿ ಗೂಗಲ್ ಫೋಟೋಸ್ ಇಬ್ಬರು ಕಪ್ಪು ಜನರನ್ನು ಗೊರಿಲ್ಲಾಗಳೆಂದು ಗುರುತಿಸಿ, ಕಂಪನಿ ಕ್ಷಮೆ ಕೇಳಬೇಕಾಯಿತು. ಟೋಪಿ ಧರಿಸಿದವನನ್ನು, ಬುರ್ಖಾ ತೊಟ್ಟವಳನ್ನು ಯಂತ್ರ ಯಾವ ಪದದಿಂದ ಕರೆಯುತ್ತದೆ ಎಂಬುದು ಅದಕ್ಕೆ ಕಲಿಸಲು ಬಳಸಿದ ಚಿತ್ರಗಳನ್ನೂ ಅವುಗಳ ಕೆಳಗೆ ಬರೆದ ಮಾತುಗಳನ್ನೂ ಅವಲಂಬಿಸಿದೆ. ಆ ಮಾತು ಅಂಧ ಓದುಗನ ಪಾಲಿಗೆ ಒಂದು ಅಭಿಪ್ರಾಯವಾಗಿ ಅಲ್ಲ, ದೃಶ್ಯವಾಗಿಯೇ ತಲುಪುತ್ತದೆ.

ಎಲ್ಲ ದೂರನ್ನೂ ಕಂಪನಿಗಳ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮದುವೆಯ ಕರೆಯೋಲೆ, ಸಭೆಯ ಪ್ರಕಟಣೆ, ಕೊನೆಗೆ ಜನಾಝ ನಮಾಝಿನ ಸಮಯವನ್ನೂ ನಾವು ವಾಟ್ಸ್ಆ್ಯಪ್‌ನಲ್ಲಿ ಬಣ್ಣದ ಚಿತ್ರವಾಗಿ ಕಳಿಸುತ್ತೇವೆ. ಅಲಂಕಾರದ ಕನ್ನಡ ಅಕ್ಷರಗಳನ್ನು ಯಂತ್ರ ತಪ್ಪಾಗಿ ಓದಿದರೆ ಒಬ್ಬ ಅಂಧನಿಗೆ ತನ್ನ ಗೆಳೆಯನ ಅಂತಿಮ ನಮಾಝ್ ತಪ್ಪಿಹೋಗುತ್ತದೆ. ಯಾರು, ಎಲ್ಲಿ, ಎಷ್ಟು ಗಂಟೆಗೆ ಎಂದು ಚಿತ್ರದ ಕೆಳಗೆ ಒಂದು ಸಾಲು ಬರೆಯಲು ಅರ್ಧ ನಿಮಿಷ ಸಾಕು. ಇದಕ್ಕೆ ಯಾವ ತಂತ್ರಜ್ಞಾನವೂ ಬೇಕಿಲ್ಲ.