ಹಿಸ್ಟೆರೋಸ್ಕೋಪ್: ಕಂಡದ್ದೆಷ್ಟು, ಸಾಧಿಸಿದ್ದೆಷ್ಟು?

ಹೆರಿಗೆಯ ನಂತರ ಮಾಸಿನ ತುಣುಕು ಗರ್ಭಕೋಶದಲ್ಲೇ ಉಳಿದರೆ ಬಾಣಂತಿಗೆ ರಕ್ತಸ್ರಾವವಾಗಬಹುದು, ಸೋಂಕು ತಗಲಬಹುದು. ಅದನ್ನು ಕ್ಯುರೆಟ್ ಎಂಬ ಉಪಕರಣದಿಂದ ಕೆರೆದು ತೆಗೆಯುವುದು ಹಳೆಯ ಕ್ರಮ. ಕೈಗೆ ತಿಳಿದದ್ದಷ್ಟೇ ಅಲ್ಲಿ ಆಧಾರ. ಕೆರೆತ ಆಳವಾದರೆ ಗಾಯಗೊಂಡ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. 1948ರಲ್ಲಿ ಇದನ್ನು ವಿವರಿಸಿದ ಆಶರ್ಮನ್ನರ ಹೆಸರೇ ಈ ತೊಂದರೆಗಿದೆ.

ಹಿಸ್ಟೆರೋಸ್ಕೋಪ್ ಒಳಗನ್ನು ತೋರಿಸುತ್ತದೆ. ಕಂಡ ಚೂರನ್ನಷ್ಟೇ ಕತ್ತರಿಸಿ ತೆಗೆಯಬಹುದು. ಮಸೂರಗಳ ನಡುವಿನ ಗಾಳಿಯ ಜಾಗವನ್ನು ಗಾಜಿನ ಕಂಬಿಗಳಿಂದ ತುಂಬಿ, ಸಣ್ಣ ಕೊಳವೆಯಲ್ಲೂ ಉಜ್ವಲ ಬಿಂಬ ಮೂಡಿಸಿದವರು ಭೌತವಿಜ್ಞಾನಿ ಹೆರಾಲ್ಡ್ ಹಾಪ್‌ಕಿನ್ಸ್. ಭೌತವಿಜ್ಞಾನದ ಮೇಷ್ಟರಿಗೆ ಇದು ಹೆಮ್ಮೆಯ ಸಂಗತಿಯೇ!

ಆದರೆ ಈ ವಿಧಾನವನ್ನು ಹೊಗಳುವ ಬರಹಗಳು ಒತ್ತಡದ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಮುಚ್ಚಿಕೊಂಡ ಕೋಶವನ್ನು ಹಿಗ್ಗಿಸಲು ಲವಣದ್ರಾವಣ ಹರಿಸಬೇಕು. ಒತ್ತಡ ಸಾಲದಿದ್ದರೆ ನೋಟ ಮಸುಕಾಗುತ್ತದೆ. ಮಿತಿ ಮೀರಿದರೆ ದ್ರಾವಣ ತೆರೆದ ರಕ್ತನಾಳಗಳಿಗೆ ನುಗ್ಗುತ್ತದೆ. ಹೆರಿಗೆಯಾದ ಕೋಶದಲ್ಲಿ ಅಂಥ ನಾಳಗಳು ಧಾರಾಳ. 'ಕನಿಷ್ಠ ಗಾಯದ ಶಸ್ತ್ರಚಿಕಿತ್ಸೆ' ಎಂಬ ಹೆಸರೂ ದಾರಿ ತಪ್ಪಿಸುತ್ತದೆ. ಹೊಟ್ಟೆ ಕೊಯ್ಯದಿರುವುದೇ ಹೆಚ್ಚುಗಾರಿಕೆ ಎನ್ನೋಣವೆಂದರೆ, ಕ್ಯುರೆಟ್ ಕೂಡ ಕೊಯ್ಯುವುದಿಲ್ಲವಲ್ಲ!

ಫ್ರಾನ್ಸಿನಲ್ಲಿ ಅಪೂರ್ಣ ಗರ್ಭಪಾತವಾದ 500ಕ್ಕೂ ಹೆಚ್ಚು ಸ್ತ್ರೀಯರಲ್ಲಿ ಹಿಸ್ಟೆರೋಸ್ಕೋಪಿಯನ್ನು ನಿರ್ವಾತದಿಂದ ಹೀರಿ ತೆಗೆಯುವ ವಿಧಾನದೊಂದಿಗೆ ಹೋಲಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷಗಳೊಳಗೆ ಮತ್ತೆ ಗರ್ಭ ನಿಂತು 22 ವಾರ ತಲುಪಿದವರ ಪ್ರಮಾಣ ಹಿಸ್ಟೆರೋಸ್ಕೋಪಿಯಿಂದ ಹೆಚ್ಚಲಿಲ್ಲ. ಅದು ಗರ್ಭಪಾತದ ಮಾತು. ಬಾಣಂತಿಯ ಕೋಶ ಬೇರೆ, ನಿಜ. ಆದರೂ ಬಾಣಂತಿಯರಿಗೆ ಇದೇ ಮೇಲೆನ್ನುವವರು, ಎಷ್ಟು ಚೂರು ತೆಗೆದೆವೆಂಬುದನ್ನಲ್ಲ, ಮುಂದೆ ಎಷ್ಟು ಜನರಿಗೆ ಗರ್ಭ ನಿಂತಿತೆಂಬುದನ್ನು ಎಣಿಸಿ ತೋರಿಸಬೇಕು.