ಗಟ್ಟಿಮೇಳದ ಕ್ಷಣ: ಊದುವವರನ್ನು ಆಲಿಸಲು ಹೊರಟ ಹೊಸ ರಸಿಕರಿಗೆ

ಅನೇಕ ವರ್ಷಗಳ ಹಿಂದೆ ಕಡೂರಿನ ಕಲ್ಯಾಣಮಂಟಪವೊಂದರಲ್ಲಿ, ಬಂಧುಗಳ ಮದುವೆಗೆಂದು ಹೋಗಿದ್ದ ನಾನು, ಬೇರೆಲ್ಲಿಯೂ ಸ್ಥಳ ದೊರೆಯದೆ ವಾಲಗದವರ ಜಮಖಾನೆಯ ಅಂಚಿನಲ್ಲಿಯೇ ಕುಳಿತುಕೊಳ್ಳಬೇಕಾಗಿ ಬಂದುದು ನನ್ನ ಸಂಗೀತಶ್ರವಣದ ಮಟ್ಟಿಗೆ ಒಂದು ಭಾಗ್ಯವೇ ಆಯಿತು. ನಾಗಸ್ವರದ ಹಿರಿಯರು, ವಾದ್ಯದ ಕೊರಳಿನಿಂದ ದಾರದಲ್ಲಿ ಇಳಿಬಿಟ್ಟಿದ್ದ ಪೀಪಿಗಳಲ್ಲಿ ಒಂದನ್ನು ಆರಿಸಿ, ತುಟಿಗಳ ನಡುವೆ ತೇವಗೊಳಿಸಿ, ಮೆಲ್ಲನೆ ರಾಗವನ್ನು ಹಿಡಿದರು. ಅವರ ದೃಷ್ಟಿ ತಮ್ಮ ಬೆರಳುಗಳ ಮೇಲಾಗಲಿ ನೆರೆದ ಜನರ ಮೇಲಾಗಲಿ ಇರದೆ, ಮಂಟಪದಲ್ಲಿ ಮಂತ್ರ ಹೇಳುತ್ತಿದ್ದ ಪುರೋಹಿತರ ಬಲಗೈಯಲ್ಲಿ ನೆಟ್ಟುಹೋಗಿತ್ತು. ಆ ಕೈ ಮೇಲೆದ್ದು, "ಗಟ್ಟಿಮೇಳ!" ಎಂಬ ಕೂಗು ಹೊರಟಿತೋ ಇಲ್ಲವೋ, ಆಲಾಪನೆಯ ಅರ್ಧದಲ್ಲಿದ್ದ ಸ್ವರವನ್ನು ಅಲ್ಲಿಯೇ ಬಿಟ್ಟು ನಾಗಸ್ವರವೂ ಡೋಲೂ ಒಂದೇ ಉಸಿರಿನಲ್ಲಿ ಮೊಳಗಿದವು. ಮಾಂಗಲ್ಯಧಾರಣೆಯ ಆ ಗಳಿಗೆಯಲ್ಲಿ ಸೀನಾಗಲಿ ಅಳುವಾಗಲಿ ಯಾವ ಅಪಶಬ್ದವೂ ವಧೂವರರ ಕಿವಿಗೆ ಬೀಳಬಾರದೆಂಬುದಲ್ಲವೆ ಗಟ್ಟಿಮೇಳದ ಉದ್ದೇಶ! ಊಟದ ಪಂಕ್ತಿಯಲ್ಲಿ ಆ ಹಿರಿಯರನ್ನು ಕೇಳಿದಾಗ ಅವರು ಹೇಳಿದುದಿಷ್ಟೆ: "ಬೆರಳು ತಾನಾಗೇ ಓಡ್ತದೆ ಸ್ವಾಮಿ, ಕಣ್ಣು ಮಾತ್ರ ಅಯ್ನೋರ ಕೈ ಮೇಲೇ ಇರ್ಬೇಕು."

ಸುಷಿರವಾದ್ಯಗಳನ್ನು ಆಸ್ವಾದಿಸಬೇಕೆಂಬ ಹೊಸ ರಸಿಕರಿಗೆ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಹೇಳಲಾರೆ. ಮತ್ತೊಬ್ಬರ ಕ್ಷಣಕ್ಕಾಗಿ ತನ್ನ ಉಸಿರನ್ನು ಸಿದ್ಧವಾಗಿಟ್ಟುಕೊಂಡಿರುವ ಅವಧಾನವೇ ಊದುವವನ ಕಲೆಯ ಜೀವಾಳ. ಈ ಅವಧಾನವನ್ನು ಕಿವಿಯಿಂದ ಗುರುತಿಸಬಲ್ಲವನು ಯಾವ ದೇಶದ ಸಂಗೀತದೊಳಗೂ ನಿಃಸಂಕೋಚವಾಗಿ ಕಾಲಿಡಬಹುದು.

ಮೊದಲನೆಯ ಅಭ್ಯಾಸವನ್ನು ಕಾಲಿನಿಂದಲೇ ಮಾಡಬೇಕು. ತರೀಕೆರೆಯ ಬೀದಿಯಲ್ಲಿ ಮದುವೆಯ ಮೆರವಣಿಗೆ ಹೊರಟಾಗ ಬ್ಯಾಂಡ್ ಸೆಟ್ಟಿನವರ ಹಿಂದೆ ನಾಲ್ಕು ಹೆಜ್ಜೆ ನಡೆದುನೋಡಿ: ದೊಡ್ಡ ಡ್ರಮ್ಮಿನ ಏಟು ಎಲ್ಲಿ ಬೀಳುವುದೋ ಅಲ್ಲಿಗೇ, ನಿಮ್ಮ ಅಪ್ಪಣೆಗೂ ಕಾಯದೆ, ನಿಮ್ಮ ಕಾಲೂ ಬೀಳುತ್ತದೆ, ಟ್ರಂಪೆಟ್ಟು ಕ್ಲಾರಿಯೋನೆಟ್ಟುಗಳ ಸ್ವರಗಳು ಆ ಏಟನ್ನು ಆಧರಿಸಿಕೊಂಡು ಏರಿಳಿಯುತ್ತವೆ. ಈ ಅನುಭವವನ್ನು ಜತೆಗಿಟ್ಟುಕೊಂಡು, ಅಮೆರಿಕದ ಕರಿಯ ಜನರ ನಡುವೆ 1960ರ ದಶಕದಲ್ಲಿ ರೂಪುಗೊಂಡ 'ಫಂಕ್' ಎಂಬ ಸಂಗೀತವನ್ನು ಕೇಳಿರಿ. ಅದರ ಮೂಲಪುರುಷರಲ್ಲಿ ಅಗ್ರಗಣ್ಯನಾದ ಜೇಮ್ಸ್ ಬ್ರೌನ್ (1933–2006) ನಾಲ್ಕು ಎಣಿಕೆಯ ಆವರ್ತದಲ್ಲಿ ಮೊದಲನೆಯ ಎಣಿಕೆಗೇ ಭಾರವನ್ನೆಲ್ಲ ಹೊರಿಸಿದನು. ಅದಕ್ಕೆ 'ದಿ ಒನ್', ಎಂದರೆ 'ಆ ಒಂದು', ಎಂದೇ ಹೆಸರಾಯಿತು. ನಮ್ಮ ತಾಳದ 'ಸಮ'ವನ್ನು ಬಲ್ಲವನಿಗೆ ಇದನ್ನು ವಿವರಿಸಬೇಕಾದುದಿಲ್ಲ.

1967ರ 'ಕೋಲ್ಡ್ ಸ್ವೆಟ್' ಎಂಬ ಹಾಡನ್ನು ಆರಿಸಿಕೊಂಡು ಮೂರು ಸಲ ಕೇಳಿರೆಂದು ನನ್ನ ಸಲಹೆ. ಮೊದಲ ಸಲ ಡ್ರಮ್ಮನ್ನೂ ಮಂದ್ರದ ಬಾಸ್ ಗಿಟಾರನ್ನೂ ಮಾತ್ರ ಹಿಂಬಾಲಿಸಿರಿ. ಎರಡನೆಯ ಸಲ ಗಾಯಕನನ್ನು. ಮೂರನೆಯ ಸಲ ಸ್ಯಾಕ್ಸೊಫೋನ್, ಟ್ರಂಪೆಟ್ ಮೊದಲಾದವುಗಳನ್ನು. ಆಗ ನಿಮಗೆ ತಿಳಿಯುತ್ತದೆ, ಅವು ನಮ್ಮ ನಾಗಸ್ವರದಂತೆ ರಾಗವನ್ನು ವಿಸ್ತರಿಸುವುದಕ್ಕೆ ಬಂದವುಗಳಲ್ಲವೆಂದು; ಡೋಲಿನವನ ಕೋಲಿನಂತೆ, ಎರಡೇ ಸ್ವರಗಳಲ್ಲಿ, ಚುಟುಕಾಗಿ ಏಟು ಹಾಕಿ, ಮುಂದಿನ ಏಟಿನವರೆಗೆ ಮೌನವಾಗಿ ಕಾದುಕೊಂಡಿರುತ್ತವೆ. ಆಮೇಲೆ ಬ್ರೌನನು ಹಾಡಿನ ನಡುವೆ 'ಮೇಸಿಯೊ' ಎಂದು ಹೆಸರು ಹಿಡಿದು ಕೂಗುತ್ತಾನೆ; 1964ರಲ್ಲಿ ತನ್ನ ಸೋದರನೊಡನೆ ಆ ಮೇಳವನ್ನು ಸೇರಿದ್ದ ಮೇಸಿಯೊ ಪಾರ್ಕರನ ಸ್ಯಾಕ್ಸೊಫೋನ್ ಆ ಕೂಗಿನ ಬೆನ್ನಿಗೇ ಏಳುತ್ತದೆ. ಇದು ಗಟ್ಟಿಮೇಳವಲ್ಲದೆ ಮತ್ತೇನು?

ಆ ಮೇಳದ ಊದುಗಾರರ ಬಾಳು ಸುಖದ ಹಾಸಿಗೆಯಾಗಿರಲಿಲ್ಲ. ಸ್ವರ ತಪ್ಪಿದವನಿಗೆ ಬ್ರೌನನು ಕುಣಿಯುತ್ತಿದ್ದಂತೆಯೇ ಬೆರಳುಗಳನ್ನು ಎತ್ತಿ ತೋರಿಸಿ ದಂಡ ವಿಧಿಸುತ್ತಿದ್ದನೆಂದು ಅವನೊಡನಿದ್ದವರು ಹೇಳಿಕೊಂಡಿದ್ದಾರೆ. 1968ರಲ್ಲಿ ಅಲ್ಲಿಗೆ ಬಂದ ಟ್ರೊಂಬೋನ್ ವಾದಕ ಫ್ರೆಡ್ ವೆಸ್ಲಿ, ಜಾಝ್ ವಾದಕನಾಗಬೇಕೆಂಬ ಹಂಬಲವುಳ್ಳವನಾಗಿದ್ದು, ಈ ಕುಣಿತದ ಸಂಗೀತವನ್ನು ಮೊದಮೊದಲು ಅಷ್ಟಾಗಿ ಗೌರವಿಸಿದವನಲ್ಲ. ಆದರೆ ಕಾಲಕ್ರಮದಲ್ಲಿ ಅವನೇ ಆ ಮೇಳದ ಸಂಗೀತ ನಿರ್ದೇಶಕನಾಗಿ, ಬ್ರೌನನು ಬಾಯಿಂದ ಗುನುಗಿ, ಹೂಂಕರಿಸಿ ಸೂಚಿಸಿದುದನ್ನೆಲ್ಲ ವಾದ್ಯವಾದ್ಯಕ್ಕೂ ತಕ್ಕ ಸ್ವರಗಳಾಗಿ ಹೊಂದಿಸಿಕೊಟ್ಟನು. ಪರರ ಹೂಂಕಾರದಲ್ಲಿ ಸಂಗೀತವನ್ನು ಕೇಳಬಲ್ಲ ಕಿವಿ ಸಾಮಾನ್ಯವಾದುದಲ್ಲ. ಪುರೋಹಿತರ ಕೈಯಲ್ಲಿ ಮುಹೂರ್ತವನ್ನು ಕಂಡ ನಮ್ಮ ಹಿರಿಯರ ಕಣ್ಣಿಗೆ ಅದು ಸೋದರನೆಂದೇ ನಾನು ಭಾವಿಸುತ್ತೇನೆ.

ಎರಡನೆಯ ಅಭ್ಯಾಸಕ್ಕೆ ನಾವು ನಮ್ಮ ನಾಡಿಗೇ ಮರಳಬಹುದು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮನಸೋತು, ಗಮಕಕ್ಕೆ ಒಲ್ಲೆನೆನ್ನುತ್ತಿದ್ದ ಆ ಲೋಹದ ವಾದ್ಯವನ್ನು ವರ್ಷಾಂತರಗಳ ಸಾಧನೆಯಿಂದಲೂ ಅದರ ಕೀಲಿಗಳಲ್ಲಿ ಮಾಡಿಕೊಂಡ ಮಾರ್ಪಾಟಿನಿಂದಲೂ ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಪ್ರಾಮ್ಸ್ ಉತ್ಸವದಲ್ಲಿಯೂ ನುಡಿಸಿದರು. ಅತ್ತ ಅಮೆರಿಕದಲ್ಲಿ ಬೆಳೆದ, ಕರ್ನಾಟಕ ಮೂಲದ ಕುಟುಂಬದ ರುದ್ರೇಶ ಮಹಾಂತಪ್ಪನವರು ಜಾಝ್ ಸ್ಯಾಕ್ಸೊಫೋನ್ ಕಲಿಯುತ್ತಿದ್ದಾಗ, ಅವರ ಅಣ್ಣ ಪರಿಹಾಸಕ್ಕೆಂದು ತಂದುಕೊಟ್ಟ ಗೋಪಾಲನಾಥರ ಧ್ವನಿಮುದ್ರಿಕೆಯೊಂದು ಅವರ ಚಿತ್ತವನ್ನೇ ಸೆರೆಹಿಡಿಯಿತು. ಅದರ ಫಲವಾಗಿ ಇಬ್ಬರೂ ಒಂದೇ ವೇದಿಕೆಗೆ ಬಂದು, 2008ರಲ್ಲಿ 'ಕಿನ್ಸ್‌ಮೆನ್', ಎಂದರೆ 'ಬಂಧುಗಳು', ಎಂಬ ಧ್ವನಿಮುದ್ರಿಕೆ ಹೊರಬಂದಿತು.

ಅಜ್ಜಂಪುರದಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಒಂದು ಸಂಜೆ ಇದನ್ನು ಹಾಕಿಕೊಂಡು ಕುಳಿತಿದ್ದೆವು. ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅವರ ತಾಯಿ, ಗೋಪಾಲನಾಥರ ಸರದಿ ಬಂದೊಡನೆ ಕೈ ನಿಲ್ಲಿಸಿ, "ಇದು ನಮ್ಮ ವಾಲಗ ಅಲ್ವೇನಪ್ಪಾ?" ಎಂದರು. ರುದ್ರೇಶರ ಸರದಿ ಬಂದಾಗ ಸ್ವಲ್ಪ ಹೊತ್ತು ಕಿವಿಗೊಟ್ಟಿದ್ದು, "ಇವನು ಬೇರೆ ಹುಡುಗ, ಆದರೆ ಅವರು ನಿಲ್ಲಿಸೋ ತನಕ ಕಾಯ್ತಾನೆ ನೋಡು" ಎಂದರು. ಎರಡೂ ಒಂದೇ ಜಾತಿಯ ಆಲ್ಟೊ ಸ್ಯಾಕ್ಸೊಫೋನುಗಳು. ಒಂದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕ, ಮತ್ತೊಂದರಲ್ಲಿ ಮೊನೆಮೊನೆಯಾಗಿ ಜಿಗಿಯುವ ಜಾಝಿನ ನಡೆ. ಹೊಸ ರಸಿಕರು ಆ ತಾಯಿಯಂತೆ ಮೊದಲು ಇಬ್ಬರನ್ನೂ ಬೇರ್ಪಡಿಸಿ ಗುರುತಿಸಲಿ; ಬಳಿಕ ಒಬ್ಬರ ಸರದಿ ಮುಗಿದು ಮತ್ತೊಬ್ಬರದು ತೊಡಗುವ ಸಂಧಿಯನ್ನು, ಅಲ್ಲಿ ಎಳೆದುಕೊಳ್ಳುವ ಉಸಿರನ್ನು, ಕಾದು ಕೇಳಲಿ. ಹಿರಿಯರ ಮುಂದೆ ಕಿರಿಯರು ತೋರುವ ವಿನಯವೂ, ಕಿರಿಯರಿಗೆ ಹಿರಿಯರು ಬಿಟ್ಟುಕೊಡುವ ಎಡೆಯೂ ಅಡಗಿರುವುದು ಆ ಸಂಧಿಯಲ್ಲಿಯೇ.

ರುಚಿ ಇನ್ನೂ ಬೆಳೆದವರು, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿಯವರೊಡನೆ ನುಡಿಸಿರುವ 'ಜ್ಯೋತಿ'ಯನ್ನು ಅರಸಿಕೊಂಡು ಹೋಗಬಹುದು. ನಮ್ಮ ಕಡೆಗೆ ಬಂದು ನಾಗಸ್ವರವನ್ನೇ ಕಲಿತ ಆತನ ಉಸಿರಿಗೆ ರಮಾಮಣಿಯವರ ಕಂಠದ ಬಳಿ ಯಾವಾಗ ತಗ್ಗಬೇಕೆಂಬುದು ತಿಳಿದಿತ್ತು.

ಧ್ವನಿಮುದ್ರಿಕೆಗಳು ದೊರೆಯದವರೂ ನಿರಾಶರಾಗಬೇಕಾದುದಿಲ್ಲ. ಬರುವ ಲಗ್ನದ ಕಾಲದಲ್ಲಿ, ಕಡೂರಿನಲ್ಲಾಗಲಿ ತರೀಕೆರೆಯಲ್ಲಾಗಲಿ ಅಜ್ಜಂಪುರದಲ್ಲಾಗಲಿ, ಮುಹೂರ್ತ ಸಮೀಪಿಸಿ ಜನರೆಲ್ಲ ಅಕ್ಷತೆ ಹಿಡಿದು ವಧೂವರರತ್ತ ಕತ್ತು ಚಾಚಿರುವಾಗ, ನೀವು ಮಾತ್ರ ಒಂದು ಗಳಿಗೆ ವಾಲಗದವರ ಕಡೆಗೆ ತಿರುಗಿರಿ. ಪುರೋಹಿತರ ಕೈ ಮೇಲೇಳುವ ಮುನ್ನ ಊದುವವರ ಎದೆ ಉಸಿರಿನಿಂದ ತುಂಬಿಕೊಳ್ಳುವುದು ಕಾಣುತ್ತದೆ. ಅದನ್ನು ಕಂಡ ಮೇಲೆ ಅಕ್ಷತೆ ಹಾಕಿರಿ.