ಕೀ ಕೊಡದೆ ಹೋದ ಕಾವಲುಗಾರ

ಸಿನಿಮಾಗೆ ವಿಮರ್ಶೆ ಬರೀತಾರೆ, ಹೋಟೆಲಿಗೆ ಬರೀತಾರೆ, ಫೋನಿಗಂತೂ ಬಿಡುಗಡೆಗೆ ಮುಂಚೆಯೇ ಬರೀತಾರೆ. ಅನ್‌ಇನ್‌ಸ್ಟಾಲ್ ಬಟನ್ನಿಗೆ ಯಾರಾದ್ರೂ ಬರೆದಿದ್ದು ನಾನು ಕಂಡಿಲ್ಲ. ಇವತ್ತು ಅದೇ ಕೆಲಸ.

ಕಳೆದ ತಿಂಗಳು ಊರಿಗೆ ಹೋದಾಗ ಅಪ್ಪನ ಲ್ಯಾಪ್‌ಟಾಪ್ ತೆರೆದೆ. ಮೂಲೆಯಲ್ಲೊಂದು ಕೆಂಪು ಪೆಟ್ಟಿಗೆ: ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ಹಣ ಕಟ್ಟಿ. ಚಂದಾ ಮುಗಿದ ದಿನದಿಂದ ಇದೇ ಕಾಟವಂತೆ. ಹೆದರಿಕೊಂಡು ಅಪ್ಪ ಬ್ಯಾಂಕಿನ ಪುಟ ತೆರೆಯೋದನ್ನೇ ಬಿಟ್ಟಿದ್ದರು. ವಿಂಡೋಸ್ ಜೊತೆಗೇ ಡಿಫೆಂಡರ್ ಬರುತ್ತಲ್ಲ, ಇದ್ಯಾಕೆ ಅಂತ ಆ ಆ್ಯಂಟಿವೈರಸ್ ಕಿತ್ತುಹಾಕಿದೆ. ರೀಸ್ಟಾರ್ಟ್ ಆಯ್ತು. ವೈಫೈ ಸಿಕ್ತು. ಒಂದು ಪುಟವೂ ತೆರೀಲಿಲ್ಲ.

"ನೀನು ಮುಟ್ಟೋವರೆಗೂ ಸರಿಯಾಗೇ ಇತ್ತಲ್ಲೋ" ಅಂದ್ರು ಅಪ್ಪ.

ಆಗಿದ್ದಿಷ್ಟು. ಆ್ಯಂಟಿವೈರಸ್ ಅನ್ನೋದು ಬರೀ ಒಂದು ಪ್ರೋಗ್ರಾಂ ಅಲ್ಲ. ಫೈಲು ತೆರೆಯುವ ದಾರಿಯಲ್ಲಿ, ನೆಟ್‌ವರ್ಕಿನ ದಾರಿಯಲ್ಲಿ ಅದು ಫಿಲ್ಟರ್ ಡ್ರೈವರ್‌ಗಳನ್ನ ಕೂರಿಸುತ್ತೆ. ಪ್ರೋಗ್ರಾಂ ಹೋಗಿತ್ತು, ಡ್ರೈವರ್ ಉಳಿದಿತ್ತು. ವೈಫೈ ಅಡಾಪ್ಟರಿನ ಪ್ರಾಪರ್ಟೀಸ್ ತೆಗೆದರೆ ಹಳೇ ಕಂಪನಿಯ ಹೆಸರು, ಪಕ್ಕದಲ್ಲಿ ಟಿಕ್ ಮಾರ್ಕು. ಇನ್ನೂ ಕೆಟ್ಟದ್ದೆಂದರೆ, ವಿಂಡೋಸ್ ಸೆಕ್ಯುರಿಟಿಯಲ್ಲೂ ರಕ್ಷಕನ ಜಾಗದಲ್ಲಿ ಅದೇ ಹೆಸರು. ಬೇರೊಬ್ಬ ಇದ್ದಾನೆ ಅಂದ್ಕೊಂಡು ಡಿಫೆಂಡರ್ ಸುಮ್ಮನೆ ಮಲಗಿತ್ತು. ಬಾಡಿಗೆದಾರ ಮನೆ ಖಾಲಿ ಮಾಡಿ, ಗೇಟಿಗೆ ಬೀಗ ಹಾಕಿ, ಕೀ ಜೇಬಲ್ಲಿಟ್ಕೊಂಡು ಹೋದಂತಾಯ್ತು.

ಪರಿಹಾರ ಕಷ್ಟದ್ದಲ್ಲ. ಹೆಚ್ಚಿನ ಕಂಪನಿಗಳು ತಮ್ಮ ಸೈಟಿನಲ್ಲಿ ಬೇರೆಯೇ ಒಂದು ರಿಮೂವಲ್ ಟೂಲ್ ಇಟ್ಟಿರ್ತವೆ. ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಿ, ಪೆನ್‌ಡ್ರೈವಿಗೆ ಹಾಕಿ, ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟು ಸೇಫ್ ಮೋಡಿಗೆ ಹೋಗಿ ಓಡಿಸಿದೆ. ಡ್ರೈವರ್ ಹೋಯ್ತು, ನೆಟ್ ಬಂತು, ಡಿಫೆಂಡರ್ ಎದ್ದಿತು.

ನನ್ನ ತಕರಾರು ಇಲ್ಲೇ ಶುರು. ಪೂರ್ತಿ ತೆಗೆಯೋ ಟೂಲ್ ನಿಮ್ಮ ಹತ್ರ ಇದೆ ಅಂದ್ಮೇಲೆ, ಅನ್‌ಇನ್‌ಸ್ಟಾಲ್ ಬಟನ್ ಮಾಡೋ ಕೆಲಸ ಏನು?

ನ್ಯಾಯವಾಗಿ ಹೇಳೋದಾದ್ರೆ, ಆಳಕ್ಕೆ ಇಳಿಯೋದು ಇವುಗಳಿಗೆ ಅನಿವಾರ್ಯ. ಸುಲಭವಾಗಿ ಕಿತ್ತುಬರುವ ಕಾವಲುಗಾರನನ್ನ ವೈರಸ್ಸೇ ಮೊದಲು ಕೀಳುತ್ತೆ. ಆದರೆ ಅಷ್ಟು ಆಳದಲ್ಲಿ ಕೂತವರಿಗೆ ಹೊಣೆಯೂ ಅಷ್ಟೇ ಇರಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನ ಮಲಗಿಸಿತು; ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನ ಕೈಯಲ್ಲಿ ಬರೆದುಕೊಟ್ಟರು. ಕಾಯೋಕೆ ಅಂತ ಬಿಟ್ಟುಕೊಂಡ ಜಾಗವೇ ಅದು.

ಒಳಗೆ ಬರೋಕೆ ಒಂದು ಕ್ಲಿಕ್, ಹೊರಗೆ ಹೋಗೋಕೆ ಪೆನ್‌ಡ್ರೈವು, ಸೇಫ್ ಮೋಡು, ಜೊತೆಗೊಬ್ಬ ಸಾಫ್ಟ್‌ವೇರ್ ಮಗ. ಆ ಮಗ ಇಲ್ಲದ ಮನೆಯವರು ಏನ್ಮಾಡ್ತಾರೆ? ಕೆಂಪು ಪೆಟ್ಟಿಗೆ ನೋಡಿ ಮತ್ತೆ ದುಡ್ಡು ಕಟ್ತಾರೆ. ಬಟನ್ ಅರ್ಧ ಕೆಲಸ ಮಾಡೋದು ಬರೀ ಅಜಾಗರೂಕತೆ ಅಂತ ಒಪ್ಪೋಕೆ ನನಗೆ ಆಗ್ತಿಲ್ಲ.

ಒಂದು ಮಾತು ಮುಚ್ಚಿಡಬಾರದು. ಮೂರು ವರ್ಷದ ಹಿಂದೆ ಲ್ಯಾಪ್‌ಟಾಪ್ ಕೊಂಡಾಗ ಆಫರಿನಲ್ಲಿ ಬಂತು ಅಂತ ಅದನ್ನ ಹಾಕಿಕೊಟ್ಟಿದ್ದು ನಾನೇ. ಅಪ್ಪನನ್ನ ಕೇಳಿರಲಿಲ್ಲ.

ಈಗ ಅಪ್ಪ ಮತ್ತೆ ಬ್ಯಾಂಕಿನ ಪುಟ ತೆರೀತಾರೆ. ಆದರೆ ಪ್ರತಿ ಸಲ ಮೊದಲು ನನಗೆ ಫೋನ್ ಮಾಡಿ "ತೆಗೀಲೇನೋ?" ಅಂತ ಕೇಳ್ತಾರೆ. ಆ ಹೆದರಿಕೆ ತೆಗೆಯೋ ಟೂಲ್ ಯಾವ ಕಂಪನಿಯ ಸೈಟಿನಲ್ಲೂ ಇಲ್ಲ.